ಆ ಚಿತ್ರದ ಹೋರಿ ಹಳ್ಳಿಕಾರ್ ಅಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ತಮ್ಮ ಪತ್ರಿಕೆಯ ಬೆಂಗಳೂರು ಪುಟದಲ್ಲಿ ದನಗಳ ಜಾತ್ರೆಯೊಂದರ ಚಿತ್ರ ಪ್ರಕಟವಾಗಿತ್ತು. ಕೊರಳಿಗೆ ಗೆಜ್ಜೆಪಟ್ಟಿ, ಕೊಂಬಿನ ತುದಿಗೆ ಹಿತ್ತಾಳೆಯ ಕಳಸ ತೊಟ್ಟು ನಿಂತಿದ್ದ ಬಿಳಿಯ ಹೋರಿಯ ಕೆಳಗೆ ‘ಜನರ ಗಮನ ಸೆಳೆದ ಹಳ್ಳಿಕಾರ್ ನಾಟಿ ಹೋರಿ’ ಎಂಬ ಅಡಿಬರಹವಿತ್ತು. ಮೂವತ್ತು ವರ್ಷಕ್ಕೂ ಮಿಕ್ಕಿ ಮಾಗಡಿ, ಕನಕಪುರ, ಮಳವಳ್ಳಿಗಳ ಕಡೆ ಪಶುವೈದ್ಯನಾಗಿ ದುಡಿದು ಈಗ ಯಲಹಂಕದಲ್ಲಿ ನಿವೃತ್ತ ಜೀವನ ನಡೆಸುತ್ತಿರುವ ನಾನು ಆ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಮೂರು ಬಾರಿ ನೋಡಿದೆ. ಅದು ಹಳ್ಳಿಕಾರ್ ಅಲ್ಲ, ಖಿಲಾರಿ. ಮೂತಿಯ ತುದಿಯಲ್ಲಿ ನಸುಗೆಂಪು ಮಚ್ಚೆಗಳಿವೆ. ಕೊಂಬು ಬುಡದಲ್ಲಿ ದಪ್ಪವಾಗಿದ್ದು ಬಿಲ್ಲಿನಂತೆ ಹಿಂದಕ್ಕೆ ಬಾಗಿ ಮೇಲೇರಿದೆ. ಹಳ್ಳಿಕಾರ್ ಆಗಿದ್ದಲ್ಲಿ ಮೂತಿ ಕಪ್ಪಾಗಿರಬೇಕಿತ್ತು, ಹಣೆಯ ನಡುವೆ ಉದ್ದಕ್ಕೆ ಇಳಿಯುವ ಗೆರೆಯೊಂದು ಕಾಣಬೇಕಿತ್ತು. ವಿಜಯಪುರ, ಬೆಳಗಾವಿ, ಬಾಗಲಕೋಟೆಗಳಿಂದ ಹಿಡಿದು ಸೊಲ್ಲಾಪುರ, ಸಾತಾರಗಳವರೆಗಿನ ಒಕ್ಕಲು ಮಕ್ಕಳು ತಲೆತಲಾಂತರದಿಂದ ಸಾಕುತ್ತ ಬಂದ ತಳಿಯ ಹೆಮ್ಮೆಯ ಹೋರಿಯೊಂದು ಬೆಂಗಳೂರಿನ ಓದುಗರ ಮುಂದೆ ಬೇರೆಯ ಹೆಸರಿನಲ್ಲಿ ನಿಂತಿತು.

ಚಿತ್ರದ ಅಡಿಬರಹದಲ್ಲಿ ಒಂದು ಪದ ತಪ್ಪಿದ್ದಕ್ಕೆ ಇಷ್ಟು ದೀರ್ಘ ಪತ್ರವೇ ಎಂದು ತಮಗೆ ಅನ್ನಿಸಬಹುದು. ಆದರೆ ಈ ತಪ್ಪು ತಮ್ಮ ಪತ್ರಿಕೆಯೊಂದರದೇ ಅಲ್ಲ, ಮತ್ತು ಒಂದು ಪದದ್ದೂ ಅಲ್ಲ. ಬೆಂಗಳೂರಿನಲ್ಲಿ ಈಗ ಡುಬ್ಬವಿರುವ ದನವೆಲ್ಲ ‘ನಾಟಿ ಹಸು’, ಬಣ್ಣದ ಪುಕ್ಕವಿರುವ ಕೋಳಿಯೆಲ್ಲ ‘ನಾಟಿ ಕೋಳಿ’, ಕಪ್ಪು ಬಿಳುಪಿನ ಹಸುವೆಲ್ಲ ‘ಸೀಮೆ ಹಸು’, ಅಂಗಡಿಯ ಫಲಕದಲ್ಲಿ ಬರೆದ ಕುರಿಯೆಲ್ಲ ‘ಬಂಡೂರು’. ಒಂದೊಂದು ತಳಿಗೂ ತನ್ನದೇ ಸೀಮೆ, ತನ್ನದೇ ಮೈಕಟ್ಟು, ತನ್ನದೇ ಕೆಲಸ ಇದ್ದು, ಅದನ್ನು ಸಾಕುವವರು ಹತ್ತು ಮಾರು ದೂರದಿಂದಲೇ ಗುರುತಿಸುತ್ತಾರೆ. ಆ ಗುರುತನ್ನು ನಗರದ ಮಾತು ಅಳಿಸುತ್ತಿದೆ. ಹೆಸರು ಅಳಿದ ಮೇಲೆ ಆ ತಳಿಯನ್ನೇ ಸಾಕಬೇಕೆಂಬ ಕಾರಣವೂ ಸಾಕುವವನ ಕೈಜಾರುತ್ತದೆ. ನನ್ನ ಅಹವಾಲು ಇಷ್ಟೇ: ಪತ್ರಿಕೆಗಳು ಜಾನುವಾರುಗಳ ವಿಷಯ ಬರೆಯುವಾಗ ತಳಿಯ ಹೆಸರನ್ನು ಕೇಳಿ, ತಿಳಿದು, ಸರಿಯಾಗಿ ಬರೆಯಬೇಕು.

ಹಳ್ಳಿಕಾರನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದು ನಮ್ಮ ಸುತ್ತಮುತ್ತಲಿನ ತಳಿ. ಬೆಂಗಳೂರು ಗ್ರಾಮಾಂತರ, ರಾಮನಗರ, ತುಮಕೂರು, ಮಂಡ್ಯ, ಮೈಸೂರು, ಹಾಸನ, ಕೋಲಾರದ ಸೀಮೆಗಳೇ ಅದರ ತವರು. ಬೂದು ಬಣ್ಣದ ಮೈ, ಹೋರಿಗಳಲ್ಲಿ ಕುತ್ತಿಗೆ, ಭುಜ ಮತ್ತು ಹಿಂಗಾಲಿನ ಮೇಲ್ಭಾಗಕ್ಕೆ ಹಬ್ಬುವ ಕಪ್ಪು ಛಾಯೆ, ಉದ್ದವಾಗಿ ಮೂತಿಯತ್ತ ಕಿರಿದಾಗುವ ಮುಖ, ಉಬ್ಬಿದ ಹಣೆ, ಚಿಕ್ಕ ಮೊನೆಗಿವಿ, ತೆಳುವಾದ ಗಂಗೆದೊಗಲು (ಕೊರಳ ಕೆಳಗೆ ಜೋಲುವ ತೊಗಲು), ಗಟ್ಟಿ ಗೊರಸು, ಇವು ಅದರ ಲಕ್ಷಣಗಳು. ಕೊಂಬುಗಳು ನೆತ್ತಿಯ ಮೇಲೆ ಒಂದಕ್ಕೊಂದು ಹತ್ತಿರದಲ್ಲೇ ಹುಟ್ಟಿ, ನೇರವಾಗಿ ಹಿಂದಕ್ಕೆ ಸಾಗಿ, ಆಮೇಲೆ ಮೆಲ್ಲನೆ ಮುಂದಕ್ಕೆ ಬಳುಕಿ, ಚೂಪಾದ ಕಪ್ಪು ತುದಿಯಲ್ಲಿ ಮುಗಿಯುತ್ತವೆ. ಕಣ್ಣಿನ ಸುತ್ತ, ಕೆನ್ನೆಯ ಮೇಲೆ ತಿಳಿಬಿಳುಪಿನ ಗುರುತುಗಳಿರುತ್ತವೆ. 2000ದಲ್ಲಿ ಅಂಚೆ ಇಲಾಖೆಯು ದೇಶದ ಗೋತಳಿಗಳ ಅಂಚೆಚೀಟಿಗಳನ್ನು ಹೊರತಂದಾಗ ಗಿರ್, ಕಾಂಕ್ರೇಜ್ ಮತ್ತು ಕಾಂಗಾಯಂಗಳ ಜೊತೆಗೆ ಸ್ಥಾನ ಪಡೆದದ್ದು ಈ ನಮ್ಮ ಹಳ್ಳಿಕಾರ್.

ಇದು ಹಾಲಿನ ತಳಿಯಲ್ಲ, ದುಡಿಮೆಯ ತಳಿ. ದಿನಕ್ಕೆ ಎರಡು ಮೂರು ಲೀಟರ್ ಹಾಲು ಕೊಟ್ಟರೆ ಅದೇ ಹೆಚ್ಚು. ಆದರೆ ರಾಗಿಯ ಹುಲ್ಲು ತಿಂದು, ಬಿಸಿಲಿನಲ್ಲಿ ನೊಗ ಹೊತ್ತು, ಗಾಡಿಗೆ ಕಟ್ಟಿದರೆ ದೂರದ ದಾರಿಯನ್ನು ದಣಿವಿಲ್ಲದೆ ನಡೆಯುವುದರಲ್ಲಿ ಅದಕ್ಕೆ ಸಾಟಿಯಾದ ತಳಿಗಳು ದಕ್ಷಿಣದಲ್ಲಿ ಕೆಲವೇ. ಹಾಲಿನ ಲೆಕ್ಕದಲ್ಲಿ ಅದನ್ನು ತೂಗುವವರು ಅದರ ತಕ್ಕಡಿಯನ್ನೇ ತಪ್ಪಾಗಿ ಹಿಡಿದಿದ್ದಾರೆ. ಟ್ರ್ಯಾಕ್ಟರ್ ಮತ್ತು ಪವರ್ ಟಿಲ್ಲರ್ ಬಂದ ಮೇಲೆ ಅದರ ಕೆಲಸ ಕಡಿಮೆಯಾದದ್ದು ನಿಜ. ಆದರೂ ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ಜಾತ್ರೆಯಲ್ಲಿ, ತುಮಕೂರಿನ ಸಿದ್ಧಗಂಗೆಯ ಜಾತ್ರೆಯಲ್ಲಿ ಒಳ್ಳೆಯ ಹಳ್ಳಿಕಾರ್ ಜೋಡಿಯ ಮುಂದೆ ಇಂದಿಗೂ ಜನ ಗುಂಪುಗೂಡುತ್ತಾರೆ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಮಾಡುವ ಹಿರಿಯರು ಮೊದಲು ಸುಳಿ ನೋಡುತ್ತಾರೆ, ಹಲ್ಲು ಎಣಿಸುತ್ತಾರೆ, ಎತ್ತನ್ನು ನಡೆಸಿ ಹಿಂಗಾಲು ಮುಂಗಾಲಿನ ಹೆಜ್ಜೆಯ ಮೇಲೆ ಬೀಳುತ್ತದೆಯೇ ಎಂದು ಗಮನಿಸುತ್ತಾರೆ. ಇಷ್ಟು ಕಣ್ಣಿರುವ ಜನರ ನಡುವೆ ನಿಂತು ತೆಗೆದ ಚಿತ್ರಕ್ಕೆ ಸರಿಯಾದ ಹೆಸರು ಸಿಗಲಿಲ್ಲ ಎಂದರೆ, ಪಕ್ಕದಲ್ಲಿ ನಿಂತವರನ್ನು ಕೇಳುವ ಒಂದು ನಿಮಿಷವನ್ನು ಯಾರೂ ವ್ಯಯಿಸಲಿಲ್ಲ ಎಂದೇ ಅರ್ಥ.

ಹಳ್ಳಿಕಾರ್ ಮತ್ತು ಅಮೃತಮಹಲ್ ಒಂದೇ ಎಂದು ತಿಳಿದವರೂ ಇದ್ದಾರೆ. ಅಮೃತಮಹಲ್ ಹುಟ್ಟಿದ್ದು ಹಳ್ಳಿಕಾರ್, ಹಾಗಲವಾಡಿ ಮತ್ತು ಚಿತ್ರದುರ್ಗದ ದನಗಳ ಮೂಲದಿಂದಲೇ. ಹಾಗಾಗಿ ಹೋಲಿಕೆ ಸಹಜ. ಆದರೆ ಅದನ್ನು ಪ್ರತ್ಯೇಕ ತಳಿಯಾಗಿ ರೂಪಿಸಿದ್ದು ಮೈಸೂರಿನ ಅರಸೊತ್ತಿಗೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂಬ ಹೆಸರಿನಲ್ಲಿ ಅರಮನೆಯ ಹಿಂಡುಗಳ ವ್ಯವಸ್ಥೆ ಬೆಳೆಯಿತು. ಹೈದರ್ ಅಲಿ ಹಿಂಡುಗಳನ್ನು ಹೆಚ್ಚಿಸಿ ಸೈನ್ಯದ ಫಿರಂಗಿ, ಸಾಮಾನುಗಳನ್ನು ಎಳೆಯಲು ಬಳಸಿದ. ಟಿಪ್ಪು ಸುಲ್ತಾನ್ ಅದಕ್ಕೆ ‘ಅಮೃತ್ ಮಹಲ್’ ಎಂಬ ಹೆಸರಿಟ್ಟು ಕಟ್ಟುನಿಟ್ಟಾದ ನಿಯಮಗಳನ್ನು ತಂದ. ಹೈದರನ ಪಡೆ ಎರಡೂವರೆ ದಿನಗಳಲ್ಲಿ ನೂರು ಮೈಲಿ ಸಾಗಿ ಚಿದಂಬರಂ ತಲುಪಿದ್ದು ಈ ಎತ್ತುಗಳ ಬಲದಿಂದ ಎಂದು ಹಳೆಯ ಮೈಸೂರಿನ ಚರಿತ್ರೆ ಹೇಳುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡುಗಳು ಬ್ರಿಟಿಷರ ಕೈಸೇರಿದವು. ಖರ್ಚು ಉಳಿಸಲೆಂದು 1860ರಲ್ಲಿ ಅವರು ಹಿಂಡನ್ನೇ ಮಾರಿಬಿಟ್ಟರು; ಆಮೇಲೆ ಅಂಥ ಎತ್ತುಗಳು ಬೇರೆಲ್ಲೂ ಸಿಗುವುದಿಲ್ಲವೆಂದು ಅರಿವಾಗಿ 1866ರಲ್ಲಿ ಮತ್ತೆ ಕಟ್ಟತೊಡಗಿದರು. ಒಂದು ತಳಿಯನ್ನು ಕಳೆದುಕೊಳ್ಳಲು ಒಂದು ಆದೇಶ ಸಾಕು, ಮರಳಿ ಕಟ್ಟಲು ತಲೆಮಾರುಗಳು ಬೇಕು ಎಂಬುದಕ್ಕೆ ನಮ್ಮ ನೆಲದಲ್ಲೇ ಇರುವ ಈ ಉದಾಹರಣೆಯನ್ನು ನಾನು ಕಿರಿಯ ಸಹೋದ್ಯೋಗಿಗಳಿಗೆ ಬಹಳ ಬಾರಿ ಹೇಳಿದ್ದೇನೆ.

ಅಮೃತಮಹಲ್ ದನದ ಕೊಂಬು ಹಳ್ಳಿಕಾರ್‌ಗಿಂತ ಉದ್ದ, ಚೂಪು ಹೆಚ್ಚು. ವಯಸ್ಸಾದ ದನಗಳಲ್ಲಿ ಎರಡು ಕೊಂಬುಗಳ ತುದಿಗಳು ಒಂದನ್ನೊಂದು ದಾಟುವುದೂ ಉಂಟು. ಬಣ್ಣ ಬೂದಿನಿಂದ ಹಿಡಿದು ಹೆಚ್ಚುಕಡಿಮೆ ಕಪ್ಪಿನವರೆಗೆ ಇರುತ್ತದೆ. ಮುಖ ಮತ್ತು ಗಂಗೆದೊಗಲಿನ ಮೇಲೆ ಬೆಳ್ಳನೆಯ ಗುರುತುಗಳಿರುತ್ತವೆ. ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಸ್ವಭಾವದಲ್ಲಿದೆ. ಕಾವಲಿನಲ್ಲಿ, ಅಂದರೆ ದನಗಳಿಗೆ ಮೀಸಲಾದ ಹುಲ್ಲುಗಾವಲಿನಲ್ಲಿ, ಸ್ವತಂತ್ರವಾಗಿ ಬೆಳೆದ ಅಮೃತಮಹಲ್ ಹಸು ಅಪರಿಚಿತರನ್ನು ಹತ್ತಿರ ಬಿಡುವುದಿಲ್ಲ. ಕರುವಿನ ಬಳಿ ಹೋದ ಪಶುವೈದ್ಯರಿಗೆ ಅದರ ಅನುಭವ ಚೆನ್ನಾಗಿ ಇದೆ. ಆ ದನಗಳಿಗಾಗಿ ಬೇಸಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಎಂದು ಬೇರೆ ಬೇರೆ ಕಾವಲುಗಳನ್ನು ಮೀಸಲಿಟ್ಟಿದ್ದರು. ಆ ಕಾವಲುಗಳಲ್ಲಿ ಬಹುಪಾಲು ಈಗ ಬೇರೆ ಬಳಕೆಗೆ ಹೋಗಿವೆ. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ ಇಲ್ಲದಿದ್ದರೆ ಈ ತಳಿಯ ಶುದ್ಧ ಹಿಂಡನ್ನು ನೋಡಲು ನಮ್ಮ ಮಕ್ಕಳು ಹಳೆಯ ಚಿತ್ರಗಳನ್ನೇ ಹುಡುಕಬೇಕಾಗುತ್ತಿತ್ತು.

ರಾಜ್ಯದ ಉಳಿದ ಗೋತಳಿಗಳ ಬಗ್ಗೆಯೂ ಒಂದೆರಡು ಮಾತು ಅಗತ್ಯ. ಬೀದರ್ ಮತ್ತು ಲಾತೂರಿನ ದೇವಣಿಯು ಬಿಳಿಯ ಮೈಮೇಲೆ ಕಪ್ಪು ಮಚ್ಚೆಗಳಿರುವ, ಕಿವಿ ಇಳಿಬಿದ್ದಿರುವ, ಹಾಲು ಮತ್ತು ದುಡಿಮೆ ಎರಡಕ್ಕೂ ಒದಗುವ ತಳಿ. ಅದನ್ನು ನೋಡಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ವಿದೇಶಿ ಹಾಲಿನ ತಳಿ) ಮಿಶ್ರತಳಿ ಎಂದು ಬರೆದದ್ದನ್ನು ನಾನು ಓದಿದ್ದೇನೆ. ಡುಬ್ಬವನ್ನೂ ಗಂಗೆದೊಗಲನ್ನೂ ನೋಡಿದ್ದರೆ ಆ ತಪ್ಪು ಆಗುತ್ತಿರಲಿಲ್ಲ. ಕೃಷ್ಣಾ ಕಣಿವೆಯ ತಳಿಯನ್ನು ಸಾಂಗ್ಲಿಯ ಅರಸರು ಎರೆಭೂಮಿಯ ಭಾರಿ ಉಳುಮೆಗಾಗಿ ಗಿರ್, ಓಂಗೋಲ್, ಕಾಂಕ್ರೇಜ್ ಮತ್ತು ಸ್ಥಳೀಯ ದನಗಳನ್ನು ಬೆರೆಸಿ ರೂಪಿಸಿದರು. ಈಗ ಉಳಿದಿರುವ ಸಂಖ್ಯೆ ತೀರಾ ಕಡಿಮೆ. ಮಲೆನಾಡು ಗಿಡ್ಡವಂತೂ ಹೆಸರಿನಲ್ಲೇ ತನ್ನ ಗುರುತನ್ನು ಹೊತ್ತಿದೆ: ಗಿಡ್ಡ ಮೈ, ಸಣ್ಣ ಗೊರಸು, ಕಪ್ಪಿನಿಂದ ಕಂದಿನವರೆಗೆ ಹಲವು ಬಣ್ಣ. ಶಿವಮೊಗ್ಗ, ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ, ಚಿಕ್ಕಮಗಳೂರುಗಳ ಭಾರಿ ಮಳೆಯಲ್ಲಿ, ಗುಡ್ಡದ ಇಳಿಜಾರಿನಲ್ಲಿ, ಮನೆಯ ದಾಣಿಯನ್ನು ನಂಬದೆ ಕಾಡಂಚಿನಲ್ಲಿ ಮೇದು ಸಂಜೆ ತಾನಾಗಿ ಕೊಟ್ಟಿಗೆಗೆ ಮರಳುವ ದನ ಅದು. ಬೆಂಗಳೂರಿನ ಕೆಲವು ಬಡಾವಣೆಗಳಲ್ಲಿ ಮನೆಯಂಗಳದಲ್ಲಿ ಕಟ್ಟಲೆಂದು ಆಂಧ್ರದ ಪುಂಗನೂರು ಹಸುವನ್ನು ಕೊಳ್ಳಲು ಹೊರಟವರಿಗೆ ಬೇರೆ ಯಾವುದೋ ಗಿಡ್ಡ ಕರುವನ್ನು ಅದೇ ಹೆಸರಿನಲ್ಲಿ ಮಾರಿದ್ದನ್ನು ನಾನು ಬಲ್ಲೆ. ಚಿತ್ತೂರು ಸೀಮೆಯ ಪುಂಗನೂರು ಒಂದು ತಳಿ, ನಮ್ಮ ಮಲೆನಾಡು ಗಿಡ್ಡ ಇನ್ನೊಂದು. ಗಿಡ್ಡವಾಗಿರುವುದೆಲ್ಲ ಪುಂಗನೂರು ಅಲ್ಲ. ಎಷ್ಟೋ ಬಾರಿ ಅದು ಬರಿಯ ಬಡಕಲು ಕರು.

ಈಗ ನಗರವಾಸಿಗಳ ಅಡುಗೆಮನೆಗೆ ನೇರವಾಗಿ ಸಂಬಂಧಿಸಿದ ಮಾತಿಗೆ ಬರುತ್ತೇನೆ. ನಾಟಿ ಹಸುವಿನ ‘ಎ2’ ಹಾಲು ಎಂಬ ಹೆಸರಿನಲ್ಲಿ ಬೆಂಗಳೂರಿನಲ್ಲಿ ಸಾಮಾನ್ಯ ಹಾಲಿಗಿಂತ ಎರಡು ಮೂರು ಪಟ್ಟು ಬೆಲೆಗೆ ಹಾಲು ಮಾರಾಟವಾಗುತ್ತಿದೆ. ನಮ್ಮ ಬೀದಿಯ ಕುಟುಂಬವೊಂದು ‘ಅಪ್ಪಟ ಹಳ್ಳಿಕಾರ್ ಹಾಲು’ ಎಂದು ತಿಂಗಳುಗಟ್ಟಲೆ ಒಬ್ಬರಿಂದ ಹಾಲು ತರಿಸಿಕೊಂಡಿತು. ಆ ಮನೆಯ ಹಿರಿಯರು ನನ್ನನ್ನು ಒಮ್ಮೆ ಕೊಟ್ಟಿಗೆಗೆ ಕರೆದುಕೊಂಡು ಹೋದರು. ಬಾಗಿಲಲ್ಲಿ ಪ್ರದರ್ಶನಕ್ಕೆಂಬಂತೆ ಒಂದು ಹಳ್ಳಿಕಾರ್ ಹಸು ಇತ್ತು; ಒಳಗಿದ್ದ ಹನ್ನೊಂದು ಹಸುಗಳೂ ಮಿಶ್ರತಳಿಯವು. ಕೆಲವಕ್ಕೆ ಡುಬ್ಬದ ಕುರುಹು ತುಸುವೇ ಉಳಿದಿತ್ತು, ಕೆಚ್ಚಲು ಎಚ್‌ಎಫ್ ಹಸುವಿನಂತೆ ದೊಡ್ಡದಾಗಿತ್ತು. ದಿನಕ್ಕೆ ಎರಡು ಮೂರು ಲೀಟರ್ ಕೊಡುವ ಒಂದು ಹಸುವಿನಿಂದ ನಲವತ್ತು ಮನೆಗೆ ಹಾಲು ಹೇಗೆ ಬರುತ್ತದೆ ಎಂಬ ಸರಳ ಲೆಕ್ಕವನ್ನು, ತಳಿಯ ಲಕ್ಷಣ ತಿಳಿದಿದ್ದರೆ, ಆ ಕುಟುಂಬ ಮೊದಲ ದಿನವೇ ಹಾಕಬಹುದಿತ್ತು. ಮಾರಿದವರು ಮಾಡಿದ್ದು ವಂಚನೆ. ಅದಕ್ಕೆ ಎಡೆಮಾಡಿದ್ದು ‘ನಾಟಿ’ ಎಂಬ ಗೊತ್ತುಗುರಿಯಿಲ್ಲದ ಪದ.

ಎ1, ಎ2 ಎಂಬ ಮಾತಿನ ಹಿನ್ನೆಲೆಯನ್ನೂ ಓದುಗರಿಗೆ ನೇರವಾಗಿ ತಿಳಿಸಬೇಕು. ಹಾಲಿನ ಬೀಟಾ ಕೇಸಿನ್ ಎಂಬ ಪ್ರೋಟೀನಿನ ಸರಪಳಿಯಲ್ಲಿ 67ನೆಯ ಸ್ಥಾನದಲ್ಲಿ ಪ್ರೋಲಿನ್ ಇದ್ದರೆ ಅದು ಎ2, ಹಿಸ್ಟಿಡಿನ್ ಇದ್ದರೆ ಎ1. ನಮ್ಮ ಡುಬ್ಬದ ತಳಿಗಳಲ್ಲಿ ಬಹುಪಾಲು ಎ2 ಇರುವುದು ನಿಜ. ಆದರೆ ಎಚ್‌ಎಫ್ ಮತ್ತು ಜೆರ್ಸಿ ಹಸುಗಳಲ್ಲೂ ಎ2 ಮಾತ್ರ ಇರುವ ಹಸುಗಳಿವೆ, ಮಿಶ್ರತಳಿಗಳಲ್ಲಿ ಎರಡೂ ಬೆರೆತಿರಬಹುದು. ಹಸುವಿನ ವಂಶವಾಹಿ ಪರೀಕ್ಷೆಯಿಂದ ಮಾತ್ರ ಇದು ಖಚಿತವಾಗುತ್ತದೆ, ಹಾಲಿನ ಬಣ್ಣದಿಂದ ಅಲ್ಲ. 2024ರ ಆಗಸ್ಟ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಪ್ಯಾಕೆಟ್ಟುಗಳ ಮೇಲಿನ ಎ1, ಎ2 ಹೇಳಿಕೆಗಳನ್ನು ತೆಗೆಯುವಂತೆ ಸೂಚಿಸಿ, ಕೆಲವೇ ದಿನಗಳಲ್ಲಿ ಆ ಸೂಚನೆಯನ್ನು ಹಿಂತೆಗೆದುಕೊಂಡಿತು. ಕೊಳ್ಳುವವರು ಮೊದಲಿನ ಗೊಂದಲದಲ್ಲೇ ಉಳಿದರು. ಅಂಥ ಹೊತ್ತಿನಲ್ಲಿ ಪತ್ರಿಕೆ ಮಾಡಬಹುದಾದ ಉಪಕಾರವೆಂದರೆ, ಹಾಲು ಯಾವ ತಳಿಯ ಹಸುವಿನದು, ಕೊಟ್ಟಿಗೆಯಲ್ಲಿ ಎಷ್ಟು ಹಸುಗಳಿವೆ, ದಿನಕ್ಕೆ ಎಷ್ಟು ಲೀಟರ್ ಕರೆಯುತ್ತಾರೆ ಎಂದು ಕೇಳುವುದನ್ನು ಓದುಗರಿಗೆ ಕಲಿಸುವುದು.

ಇದೇ ಸಂದರ್ಭದಲ್ಲಿ ಗಿರ್ ಹಸುವಿನ ಬಗ್ಗೆಯೂ ಹೇಳಬೇಕು. ಗುಮ್ಮಟದಂತೆ ಉಬ್ಬಿದ ಹಣೆ, ಸುರುಳಿಗೊಂಡ ಎಲೆಯಂತೆ ಜೋತುಬಿದ್ದ ಉದ್ದನೆಯ ಕಿವಿ, ಹಿಂದಕ್ಕೂ ಕೆಳಕ್ಕೂ ಬಾಗಿದ ಕೊಂಬು, ಕೆಂಪು ಅಥವಾ ಚುಕ್ಕೆಗೆಂಪಿನ ಮೈ ಇರುವ ಈ ತಳಿ ಸೌರಾಷ್ಟ್ರದ್ದು. ಕೆಂಗಂದು ಬಣ್ಣದ, ಸಡಿಲ ತೊಗಲಿನ ಸಾಹಿವಾಲ್ ಪಂಜಾಬಿನದು. ಕಡುಗೆಂಪಿನ ಕೆಂಪು ಸಿಂಧಿ ಸಿಂಧ್ ಪ್ರಾಂತ್ಯದ್ದು. ಇವೆಲ್ಲವೂ ಹಾಲಿಗೆ ಹೆಸರಾದ ಶ್ರೇಷ್ಠ ತಳಿಗಳೇ. ಅವನ್ನು ಇಲ್ಲಿ ಸಾಕಬಾರದೆಂದು ನಾನು ಹೇಳುವುದಿಲ್ಲ. ಆದರೆ ಬೆಂಗಳೂರಿನ ಗೋಶಾಲೆಯೊಂದರಲ್ಲಿ ಗಿರ್ ಹಸುವಿನ ಮುಂದೆ ನಿಂತು ‘ನಮ್ಮ ನಾಡಿನ ನಾಟಿ ಹಸು’ ಎಂದು ಮಕ್ಕಳಿಗೆ ವಿವರಿಸುತ್ತಿದ್ದುದನ್ನು ಕೇಳಿದಾಗ, ಅಲ್ಲಿಂದ ಇಪ್ಪತ್ತು ಕಿಲೋಮೀಟರಿನಲ್ಲಿ ಹುಟ್ಟಿ ಬೆಳೆದ ಹಳ್ಳಿಕಾರ್‌ನ ನೆನಪಾಗಿ ನನಗೆ ಬಹಳ ಬೇಸರವಾಯಿತು.

ವಿದೇಶಿ ತಳಿಗಳ ಮೇಲೆ ನನಗೆ ದ್ವೇಷವಿಲ್ಲ. ಈ ನಗರದ ಕಾಫಿ, ಮೊಸರು, ಮಕ್ಕಳ ಹಾಲು ನಡೆಯುತ್ತಿರುವುದು ಅವುಗಳ ಮಿಶ್ರತಳಿಗಳಿಂದಲೇ. ನೆದರ್ಲೆಂಡ್ಸ್ ಮೂಲದ ಎಚ್‌ಎಫ್ ಕಪ್ಪು ಬಿಳುಪಿನ ದೊಡ್ಡ ಹಸು, ಹಾಲು ಹೆಚ್ಚು, ಕೊಬ್ಬಿನ ಅಂಶ ಸುಮಾರು ಶೇ 3.5. ಇಂಗ್ಲಿಷ್ ಕಾಲುವೆಯ ಪುಟ್ಟ ದ್ವೀಪದಿಂದ ಹೆಸರು ಪಡೆದ ಜೆರ್ಸಿ ತಿಳಿಗಂದು ಬಣ್ಣದ್ದು, ಹಣೆ ತಗ್ಗಾಗಿರುತ್ತದೆ, ಮೈ ಚಿಕ್ಕದು, ಹಾಲು ಸ್ವಲ್ಪ ಕಡಿಮೆಯಾದರೂ ಕೊಬ್ಬಿನ ಅಂಶ ಶೇ 5ರ ಆಸುಪಾಸು. ಡೇರಿಯಲ್ಲಿ ಹಾಲಿನ ಬೆಲೆ ಕೊಬ್ಬು ಮತ್ತು ಘನಾಂಶದ ಮೇಲೆ ನಿಂತಿರುವುದರಿಂದ ಯಾವ ರಕ್ತ ಬೆರೆಸಿದರೆ ತನಗೆ ಲಾಭ ಎಂಬುದನ್ನು ರೈತ ಈ ವ್ಯತ್ಯಾಸದ ಮೇಲೆಯೇ ನಿರ್ಧರಿಸುತ್ತಾನೆ. ಈ ವಿಜ್ಞಾನಕ್ಕೂ ಬೆಂಗಳೂರಿಗೂ ಹಳೆಯ ನಂಟಿದೆ. 1923ರಲ್ಲಿ ಇಲ್ಲಿ ಆರಂಭವಾದ ಪಶುಸಂಗೋಪನೆ ಮತ್ತು ಹೈನುಗಾರಿಕೆಯ ಸಂಸ್ಥೆಯೇ ಮುಂದೆ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯಾಗಿ ಬೆಳೆಯಿತು. ಕೇಂದ್ರ ಕಚೇರಿ 1955ರಲ್ಲಿ ಕರ್ನಾಲ್‌ಗೆ ಹೋದ ಮೇಲೂ ಅದರ ದಕ್ಷಿಣದ ಕೇಂದ್ರ ಆಡುಗೋಡಿಯಲ್ಲೇ ಉಳಿಯಿತು. 1927ರಲ್ಲಿ ವಿಶ್ರಾಂತಿಗಾಗಿ ಬೆಂಗಳೂರಿನಲ್ಲಿದ್ದ ಗಾಂಧೀಜಿ ಅಲ್ಲಿಗೆ ಹೋಗಿ ಹಸು ಸಾಕಣೆಯ ಪಾಠ ಕೇಳಿದ್ದರು. ಹೆಸರಘಟ್ಟದಲ್ಲಿ ಹೋರಿಗಳ ವೀರ್ಯವನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಕಾಪಿಡುವ ಕೇಂದ್ರವಿದೆ. ಇಷ್ಟೆಲ್ಲ ಇರುವ ನಗರದಲ್ಲಿ ಪತ್ರಿಕೆಗೆ ತಳಿಯ ಹೆಸರು ಕೇಳಲು ಜನ ಸಿಗುವುದಿಲ್ಲ ಎನ್ನುವಂತಿಲ್ಲ.

ಎಮ್ಮೆಗಳ ವಿಷಯದಲ್ಲಿ ಅಜ್ಞಾನ ಇನ್ನೂ ಗಾಢ. ಎಲ್ಲ ಎಮ್ಮೆಯೂ ಕಪ್ಪು, ಎಲ್ಲ ಎಮ್ಮೆಯೂ ಒಂದೇ ಎಂಬ ಭಾವನೆ ಇದೆ. ಹರಿಯಾಣದ ಮುರ್ರಾ ಎಮ್ಮೆಯ ಕೊಂಬು ಜಿಲೇಬಿಯಂತೆ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಗುಜರಾತಿನ ಸುರ್ತಿಯ ಕೊಂಬು ಕುಡುಗೋಲಿನಂತೆ, ಕೊರಳ ಕೆಳಗೆ ಎರಡು ಬಿಳಿಯ ಪಟ್ಟೆ. ಪಂಢರಾಪುರಿಯ ಕೊಂಬು ಭುಜವನ್ನೂ ದಾಟಿ ಹಿಂದಕ್ಕೆ ಚಾಚುವ ಕತ್ತಿ. ನಮ್ಮ ಧಾರವಾಡಿ ಎಮ್ಮೆಯ ಕೊಂಬು ಅರ್ಧಚಂದ್ರಾಕಾರ. ಧಾರವಾಡ ಪೇಡೆಯ ಹೆಸರು ಕೇಳದ ಬೆಂಗಳೂರಿಗರಿಲ್ಲ. ಅದರ ಹಾಲಿನ ಹಿಂದೆ ಅದೇ ಹೆಸರಿನ ಎಮ್ಮೆಯೊಂದಿದೆ, ಅದು ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋದಲ್ಲಿ ನೋಂದಣಿಯಾದ ತಳಿ ಎಂದು ತಿಳಿದವರು ಎಷ್ಟು ಮಂದಿ?

ಕುರಿಗಳಲ್ಲಿ ಬಂಡೂರಿನ ಕಥೆಯನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಬಂಡೂರು ಎಂಬ ಊರಿನಿಂದ ಅದಕ್ಕೆ ಆ ಹೆಸರು. ಬನ್ನೂರು ಕುರಿ, ಮಂಡ್ಯ ಕುರಿ ಎಂದೂ ಕರೆಯುತ್ತಾರೆ. ಗಂಡಿಗೂ ಹೆಣ್ಣಿಗೂ ಕೊಂಬಿಲ್ಲ. ಕಾಲು ಗಿಡ್ಡ, ಮೈ ಪೀಪಾಯಿಯಂತೆ ದುಂಡಗೆ, ಹಿಂದಿನಿಂದ ನೋಡಿದರೆ ತೊಡೆಗಳ ನಡುವಿನ ಆಕಾರ ತಲೆಕೆಳಗಾದ ‘ಯು’ ಅಕ್ಷರದಂತೆ. ಬಿಳಿಯ ಮೈ, ಮುಖದ ಮೇಲೆ ಕಂದು ಛಾಯೆ, ಅನೇಕ ಕುರಿಗಳಿಗೆ ಕೊರಳಲ್ಲಿ ಮೊಲೆಯಂತೆ ಜೋಲುವ ಎರಡು ತೊಗಲ ತುಣುಕು. ಉಣ್ಣೆಗೆ ಇದು ಬರುವುದಿಲ್ಲ, ಮಾಂಸಕ್ಕೆ ಇದಕ್ಕೆ ಎಣೆಯಿಲ್ಲ. ಕೊಬ್ಬು ಮಾಂಸದ ಎಳೆಗಳ ನಡುವೆ ಸಣ್ಣಗೆ ಹರಡಿರುವುದರಿಂದ ಬೆಂದಾಗ ಆ ಮೃದುತನ ಬರುತ್ತದೆ. ಈ ತಳಿಯ ಶುದ್ಧ ಕುರಿಗಳು ಎಷ್ಟು ಕಡಿಮೆಯೆಂದರೆ, ಒಳ್ಳೆಯ ಟಗರು ಸಿಕ್ಕರೆ ಅದನ್ನು ಬಿತ್ತನೆಗೆಂದೇ ಭಾರಿ ಬೆಲೆಗೆ ಕೊಂಡೊಯ್ಯುತ್ತಾರೆ. ಹಾಗಿರುವಾಗ ಬೆಂಗಳೂರಿನ ಬೀದಿಬೀದಿಯ ಮಾಂಸದಂಗಡಿಗಳಲ್ಲಿ ಪ್ರತಿ ಭಾನುವಾರ ತೂಗುವ ‘ಬಂಡೂರು’ ಎಲ್ಲಿಂದ ಬರುತ್ತದೆ? ಆ ಹೆಸರಿನ ಬೆಲೆ ಅಂಗಡಿಗೆ ಸೇರುತ್ತಿದೆ, ಮಳವಳ್ಳಿಯ ಕುರಿಗಾರನಿಗೆ ಸೇರುತ್ತಿಲ್ಲ. ನನ್ನ ಈ ಪತ್ರದಲ್ಲಿ ನನಗೆ ಅತಿ ನೋವು ತರುವ ಸಂಗತಿ ಇದು, ಏಕೆಂದರೆ ಮೇವಿಲ್ಲದ ಬೇಸಗೆಯಲ್ಲೂ ಮಿಶ್ರಣ ಮಾಡದೆ ತಳಿಯನ್ನು ಉಳಿಸಿಕೊಂಡ ಮನೆಗಳನ್ನು ನಾನು ಬಲ್ಲೆ. ಅವರ ಮಕ್ಕಳು ಈಗ ಬೆಂಗಳೂರಿನಲ್ಲಿ ಕಾವಲುಗಾರಿಕೆಗೆ ನಿಂತಿದ್ದಾರೆ.

ಹಾಗೆಯೇ ರಾಯಚೂರು, ಕೊಪ್ಪಳದ ಕಡೆಯ ಕೆಂಗುರಿಗೆ ಅದರ ಕೆಂಪು ಮೈಯೇ ಹೆಸರಾಗಿದೆ. ಕಂಬಳಿಗೆ ಬೇಕಾದ ಒರಟು ಕರಿಯುಣ್ಣೆ ಕೊಡುವುದು ಡೆಕ್ಕನಿ ಕುರಿ. ಹಿಂಡಿನೊಂದಿಗೆ ಊರಿಂದೂರಿಗೆ ಅಲೆಯುವ ಕುರುಬರ ಹೆಗಲ ಕರಿ ಕಂಬಳಿ ಬಣ್ಣ ಹಾಕಿದ್ದಲ್ಲ, ಕುರಿಯದೇ ಬಣ್ಣ. ಮೇಕೆಗಳಲ್ಲಿ ಗಿಳಿಮೂಗಿನ, ಅಗಲ ಕಿವಿಯ, ತೊಡೆಯ ಮೇಲೆ ಕೂದಲ ಗೊಂಚಲಿರುವ ಜಮ್ನಾಪಾರಿಯನ್ನು ಬಕ್ರೀದ್ ಮುಂಚಿನ ಸಂತೆಗಳಲ್ಲಿ ಗುರುತಿಸಬಲ್ಲ ಬೆಂಗಳೂರಿಗರು, ಸೂರ್ಯೋದಯ ನೋಡಲು ವಾರವಾರ ಹತ್ತುವ ನಂದಿಬೆಟ್ಟದ ಕೋಟೆಯ ಹೆಸರನ್ನೇ ಹೊತ್ತ ‘ನಂದಿದುರ್ಗ’ ಎಂಬ ಬಿಳಿಯ ಮೇಕೆ ತಳಿಯೊಂದು ಇದೆಯೆಂದು ಅರಿಯರು. ಅದೂ ನೋಂದಾಯಿತ ತಳಿಯೇ.

ಕೋಳಿಗಳ ಬಗ್ಗೆ ಹೆಚ್ಚು ಬೆಳೆಸುವುದಿಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ನಮ್ಮ ಗುರುಗಳ ಪೀಳಿಗೆ ಹಿತ್ತಲ ಸಾಕಣೆಗೆಂದು ರೂಪಿಸಿದ ಗಿರಿರಾಜ ಬಣ್ಣದ ಪುಕ್ಕದ, ಬೇಗ ಮೈತುಂಬುವ ಕೋಳಿ. ಅದು ಉತ್ತಮ ಕೋಳಿ, ಅದರ ಹೆಸರಿನಲ್ಲೇ ಮಾರಾಟವಾಗಲು ಯೋಗ್ಯವಾದ ಕೋಳಿ. ಅದನ್ನು ‘ನಾಟಿ’ ಎಂದು ಮಾರುವುದು ಕೊಳ್ಳುವವರಿಗೆ ಮಾಡುವ ಮೋಸ ಮಾತ್ರವಲ್ಲ, ಅದನ್ನು ರೂಪಿಸಿದವರ ಶ್ರಮಕ್ಕೆ ಮಾಡುವ ಅವಮಾನವೂ ಹೌದು. ತೊಗಲು, ಮಾಂಸ, ಎಲುಬುಗಳೂ ಕಪ್ಪಾಗಿರುವ, ಮಧ್ಯಪ್ರದೇಶದ ಝಾಬುವಾದ ಕಡಕ್‌ನಾಥ್ ಮತ್ತು ಉದ್ದಗಾಲಿನ, ಕಾಳಗಕ್ಕೆ ಹೆಸರಾದ ಅಸೀಲ್‌ಗಳದ್ದು ಬೇರೆಯೇ ದಾರಿ.

ಹೆಸರಿನ ಈ ವಿಷಯ ಬರಿಯ ಭಾಷೆಯದಲ್ಲ ಎಂದು ನಾನು ಹೇಳಲು ಕಾರಣವಿದೆ. 2019ರ 20ನೇ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿದ್ದ ಸುಮಾರು 19.25 ಕೋಟಿ ದನಗಳಲ್ಲಿ ವಿದೇಶಿ ಮತ್ತು ಮಿಶ್ರತಳಿಯವು ಸುಮಾರು 5 ಕೋಟಿ. ಉಳಿದ ಸುಮಾರು 14.2 ಕೋಟಿ ದನಗಳ ಸಾಲಿನಲ್ಲಿ ನಾಡತಳಿಗಳೂ, ಯಾವ ತಳಿಗೂ ಸೇರದವೆಂದು ಬರೆಯಲಾದ ದನಗಳೂ ಒಟ್ಟಿಗೇ ಇವೆ. ಗಣತಿದಾರ ಮನೆಗೆ ಬಂದಾಗ ಸಾಕುವವನು ‘ನಾಟಿ’ ಎಂದರೆ ಅವನು ಹಾಗೆಯೇ ಬರೆದುಕೊಳ್ಳುವ ಸಂಭವ ಹೆಚ್ಚು. ‘ಹಳ್ಳಿಕಾರ್’ ಎಂದರೆ ಒಂದು ಹಳ್ಳಿಕಾರ್ ಲೆಕ್ಕಕ್ಕೆ ಸೇರುತ್ತದೆ. ನಾನೂ ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಚಿಕಿತ್ಸೆಯ ವಹಿಯಲ್ಲಿ ‘ಸ್ಥಳೀಯ’, ‘ಮಿಶ್ರತಳಿ’ ಎಂಬ ಎರಡೇ ಪದಗಳನ್ನು ಬರೆಯುತ್ತಿದ್ದೆ. ಮಾಗಡಿಯ ಹಿರಿಯ ರೈತರೊಬ್ಬರು ಒಂದು ದಿನ ಆ ವಹಿಯನ್ನು ನೋಡಿ, “ಸ್ವಾಮಿ, ನಿಮ್ಮ ಹೆಸರಿನ ಜಾಗದಲ್ಲಿ ಬರೀ ‘ಮನುಷ್ಯ’ ಅಂತ ಬರೆದರೆ ಆಗುತ್ತದೆಯೇ?” ಎಂದು ಕೇಳಿದರು. ಅಂದಿನಿಂದ ನಾನು ತಳಿಯ ಹೆಸರು ಬರೆಯದೆ ಒಂದು ಚೀಟಿಯನ್ನೂ ಕೊಟ್ಟಿಲ್ಲ. ಯಾವ ಹೋರಿಯ ವೀರ್ಯ ಹಾಕಬೇಕೆಂಬ ನಿರ್ಧಾರವೂ ಇದೇ ಗುರುತಿನ ಮೇಲೆ ನಿಂತಿದೆ. ಹಳ್ಳಿಕಾರ್ ಹಸುವನ್ನು ‘ನಾಟಿ’ ಎಂದು ಬರೆದುಕೊಂಡು ಎಚ್‌ಎಫ್ ವೀರ್ಯ ಹಾಕಿದರೆ ಹುಟ್ಟುವ ಕಡಸು ಅರ್ಧ ಹಳ್ಳಿಕಾರ್, ಅದರ ಮಗಳು ಕಾಲು ಭಾಗ. ಮೂರನೆಯ ತಲೆಮಾರಿಗೆ ಆ ಮನೆಯಲ್ಲಿ ಹಳ್ಳಿಕಾರ್ ಉಳಿದಿರುವುದಿಲ್ಲ, ಉಳಿದಿಲ್ಲವೆಂದು ಹೇಳುವ ದಾಖಲೆಯೂ ಇರುವುದಿಲ್ಲ. ಈಗ ಜಾನುವಾರುಗಳ ಕಿವಿಗೆ 12 ಅಂಕಿಗಳ ಓಲೆ ಹಾಕಿ ಗಣಕಯಂತ್ರದಲ್ಲಿ ವಿವರ ತುಂಬುತ್ತಾರೆ. ತುಂಬುವ ಕೈಗೆ ತಳಿ ಗೊತ್ತಿದ್ದರಷ್ಟೇ ಆ ಸಂಖ್ಯೆಯಿಂದ ಪ್ರಯೋಜನ.

ಆದುದರಿಂದ ತಮ್ಮಲ್ಲಿ ಮೂರು ಕೋರಿಕೆಗಳಿವೆ. ಮೊದಲನೆಯದಾಗಿ, ಆ ಚಿತ್ರದ ಅಡಿಬರಹಕ್ಕೆ ಒಂದು ತಿದ್ದುಪಡಿಯನ್ನು ಪ್ರಕಟಿಸಬೇಕು. ಖಿಲಾರಿ ಸಾಕುವ ಉತ್ತರದ ರೈತರಿಗೂ ಹಳ್ಳಿಕಾರ್ ಸಾಕುವ ನಮ್ಮ ಕಡೆಯವರಿಗೂ ಅದರಿಂದ ಸಮಾಧಾನವಾಗುತ್ತದೆ. ಎರಡನೆಯದಾಗಿ, ಜಾತ್ರೆಗಳಿಗೂ ನವೆಂಬರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ನಡೆಯುವ ಕೃಷಿ ಮೇಳಕ್ಕೂ ಹೋಗುವ ತಮ್ಮ ವರದಿಗಾರರು ಮತ್ತು ಛಾಯಾಗ್ರಾಹಕರು, ದನದ ಒಡೆಯನ ಹೆಸರು ಕೇಳುವಾಗಲೇ ತಳಿಯ ಹೆಸರನ್ನೂ ಅದರ ತವರನ್ನೂ ಕೇಳಿ ಬರೆದುಕೊಳ್ಳಬೇಕು. ಸಂದೇಹವಿದ್ದರೆ ಹೆಬ್ಬಾಳದ ಕಾಲೇಜಿನವರಿಗೆ ಚಿತ್ರವನ್ನು ತೋರಿಸಬಹುದು. ಮೂರನೆಯದಾಗಿ, ವಾರಕ್ಕೊಮ್ಮೆ ಒಂದು ತಳಿಯ ಚಿತ್ರವನ್ನು ಅದರ ಲಕ್ಷಣಗಳೊಂದಿಗೆ ಪ್ರಕಟಿಸಲು ತಮ್ಮ ಕೃಷಿ ಪುಟದಲ್ಲಿ ಒಂದು ಅಂಗುಲ ಜಾಗ ಕೊಟ್ಟರೆ, ಬರಹವನ್ನು ಒದಗಿಸಲು ನನ್ನಂಥ ನಿವೃತ್ತರು ಈ ನಗರದಲ್ಲಿ ಹಲವರಿದ್ದೇವೆ. ನಾವು ಸಂಭಾವನೆ ಬಯಸುವುದಿಲ್ಲ.

ಘಾಟಿಯ ಜಾತ್ರೆ ಹತ್ತಿರದಲ್ಲಿದೆ. ತಮ್ಮ ಛಾಯಾಗ್ರಾಹಕರು ಬರುವುದಾದರೆ ತಿಳಿಸಿ. ದನಗಳ ಸಾಲಿನಲ್ಲಿ ಅವರ ಜೊತೆ ನಡೆದು ಒಂದೊಂದನ್ನೂ ಹೆಸರಿಸಿ ತೋರಿಸಲು ನಾನು ಬೆಳಗಿನ ಮೊದಲ ಬಸ್ಸಿಗೇ ಬಂದು ಕಾಯುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪಶುವೈದ್ಯ
ಯಲಹಂಕ, ಬೆಂಗಳೂರು